ನೀರಿನಿಂದ ಎಷ್ಟು ದೂರ?

ಕಾರವಾರದಿಂದ ಉಳ್ಳಾಲದವರೆಗೆ ಕಡಲ ದಂಡೆಯಲ್ಲಿ, ಅಳಿವೆಗಳ ಅಂಚಿನಲ್ಲಿ ಈಗ ಏಳುತ್ತಿರುವ ‘ಪರಿಸರಸ್ನೇಹಿ’ ಮನೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮುಖ. ಗಿಲಾವು ಇಲ್ಲದ ಕೆಂಪುಕಲ್ಲಿನ ಗೋಡೆ, ಮೇಲೆ ಹಂಚಿನ ಮಾಡು, ಮಾಡಿನ ಮೇಲೆ ಸೋಲಾರ್, ನೀರಿನ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ನೋಡಲು ಚೆಂದ. ಆದರೆ ಗೋಡೆ ಯಾವುದರದ್ದು ಎಂದು ಕೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೇವೆ. ನೀರಿನ ಪಕ್ಕದ ಮನೆಯ ಯೋಗ್ಯತೆ ತೀರ್ಮಾನವಾಗುವುದು ಬೇರೆ ಎರಡು ಸಂಗತಿಗಳಲ್ಲಿ: ಅದು ನೀರಿನಿಂದ ಎಷ್ಟು ದೂರ ನಿಂತಿದೆ, ಅದರ ಬಚ್ಚಲು ಮತ್ತು ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ.

ಹಾಗೆಂದು ಗೋಡೆ ಮಾಡುಗಳನ್ನು ತಳ್ಳಿಹಾಕುವಂತಿಲ್ಲ. ದಕ್ಷಿಣ ಕನ್ನಡದವರ ಮುರಕಲ್ಲು, ಉತ್ತರ ಕನ್ನಡದವರ ಚಿರೆಕಲ್ಲು, ಕೋರೆಯಲ್ಲಿ ಮೆತ್ತಗಿದ್ದು ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಇಟ್ಟಿಗೆಯ ಹಾಗೆ ಸುಡಬೇಕಾಗಿಲ್ಲ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಬಗೆಯ ಹಂಚುಗಳನ್ನು ಕಳಚಿದ ಹಳೆ ಮನೆಗಳಿಂದ ತಂದು ಮತ್ತೆ ಹೊದಿಸುವುದು ನಿಜವಾದ ಉಳಿತಾಯ. ಆದರೆ ಕಲ್ಲು ಕಿತ್ತ ಗುಡ್ಡದಲ್ಲಿ ಹೊಂಡ ಹಾಗೇ ಬಾಯ್ತೆರೆದು ಉಳಿಯುತ್ತದೆ. ಎರಡು ಕೋಣೆ ಸಾಕಾಗುವಲ್ಲಿ ಎಂಟು ಕೋಣೆಯ ಬಂಗಲೆ ಎಬ್ಬಿಸಿದರೆ ಕೆಂಪುಕಲ್ಲಿನ ಪುಣ್ಯ ಅಲ್ಲಿಗೇ ಮುಗಿಯಿತು.

ಗಾಜಿನ ಗೋಡೆಯ ವಿಷಯದಲ್ಲಿ ನನಗೆ ಯಾವ ರಿಯಾಯಿತಿಯೂ ತೋರುವುದಿಲ್ಲ. ನಮ್ಮ ಕಡಲು ಇರುವುದು ಪಡುವಣಕ್ಕೆ. ನೋಟ ಯಾವ ದಿಕ್ಕಿಗೋ ಮಧ್ಯಾಹ್ನದ ಬಿಸಿಲೂ ಅದೇ ದಿಕ್ಕಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎರಚಲು ಮಳೆಯೂ ಹೆಚ್ಚುಕಡಿಮೆ ಅಲ್ಲಿಂದಲೇ. ಕರಾವಳಿಯ ಹಳೆ ಮನೆಗಳ ಸೂರು ಅಷ್ಟು ತಗ್ಗಿ, ಜಗಲಿಯ ಮೇಲೆ ಚಾಚಿಕೊಂಡಿರುವುದು ಈ ಬಿಸಿಲು ಮಳೆಗಳ ಲೆಕ್ಕ ಬಲ್ಲವರಿಂದ. ಪಶ್ಚಿಮಕ್ಕೆ ಗಾಜು ಹಾಕಿದವರು ಮಾರ್ಚ್ ಬಂದೊಡನೆ ಪರದೆ ಎಳೆದು ಎ.ಸಿ. ಹಾಕುತ್ತಾರೆ. ನೋಟವೂ ಇಲ್ಲ, ಗಾಳಿಯೂ ಇಲ್ಲ, ಮಾಡಿನ ಮೇಲೆ ಹುಟ್ಟಿದ ಕರೆಂಟು ಮಾಡಿನ ಕೆಳಗೇ ಖರ್ಚಾಗುತ್ತದೆ. ಪಶ್ಚಿಮಕ್ಕೆ ಆಳವಾದ ಜಗಲಿ ಬಿಟ್ಟು, ಅದರ ಹಿಂದೆ ಮರದ ಪಟ್ಟಿಗಳ ಕಿಟಕಿ ಇಟ್ಟರೆ ಕೂತಲ್ಲಿಂದಲೇ ಕಡಲು ಕಾಣುತ್ತದೆ, ಸೆಖೆ ಒಳಗೆ ಬರುವುದಿಲ್ಲ.

ಇನ್ನು ದೂರದ ಮಾತು. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತವೆ, ಮಳೆ ನಿಂತಮೇಲೆ ಕಡಲು ಅದರಲ್ಲಿ ಬಹುಪಾಲನ್ನು ಮರಳಿಸುತ್ತದೆ. ಈ ಹೋಗಿಬರುವಿಕೆಗೆ ಜಾಗ ಬೇಕು. ಮರಳ ದಿಬ್ಬ, ಅದನ್ನು ಹಿಡಿದು ಹಬ್ಬಿದ ಅಡಂಬು ಬಳ್ಳಿ, ಹಿಂದೆ ಕೇದಗೆಯ ಮೆಳೆ: ಇದೇ ಆ ಜಾಗ. ಮೀನುಗಾರರ ಹಳೆಯ ಕೇರಿಗಳು ಈ ದಿಬ್ಬದ ಹಿಂದೆ, ತೆಂಗಿನ ಮರೆಯಲ್ಲಿ ಬೆಳೆದವು. ಹೊಸ ಮನೆ ದಿಬ್ಬವನ್ನೇ ಸಮತಟ್ಟು ಮಾಡಿ ಕೂರುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕಡಲ್ಕೊರೆತದ ಗೋಳು, ಆಮೇಲೆ ಕಲ್ಲಿನ ತಡೆಗೋಡೆ. ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನು ಕೆರೆಯುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದವರ ದಂಡೆಯನ್ನು ತಿನ್ನುತ್ತದೆ. ತನ್ನ ರಕ್ಷಣೆಗೆ ನೆರೆಯವನ ಹಿತ್ತಲನ್ನು ಕಡಲಿಗೆ ಕೊಡುವ ಮನೆಗೆ ಪರಿಸರಸ್ನೇಹಿ ಎಂಬ ಹೆಸರು ಸಲ್ಲದು.

ಕಾನೂನು ಇಲ್ಲಿ ಸಾಲದು. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. 2011ರ ಅಧಿಸೂಚನೆ ಉಬ್ಬರವಿಳಿತ ಮುಟ್ಟುವ ಹೊಳೆ ಹಿನ್ನೀರುಗಳ ದಡದಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟನ್ನು ಹಿಡಿತದಲ್ಲಿಟ್ಟಿತ್ತು. 2019ರದ್ದು ಆ 100ನ್ನು 50ಕ್ಕೆ ಇಳಿಸಿತು. ಜನನಿಬಿಡ ಹಳ್ಳಿಗಳ ಕಡಲ ದಂಡೆಯಲ್ಲಂತೂ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50ಕ್ಕೆ ಬಂತು. ಅಲೆ ಈ ಅಂಕಿಗಳನ್ನು ನೋಡಿ ನಿಲ್ಲುವುದಿಲ್ಲ. ಎತ್ತರಿಸಿ ಕಟ್ಟಿದರಾಯಿತು ಎನ್ನುವವರಿಗೆ ಅಮೆರಿಕದ ಇಲಿನಾಯ್‌ನಲ್ಲಿ, ಫಾಕ್ಸ್ ನದಿಯ ದಡದಲ್ಲಿ ಮೀಸ್ ವಾನ್ ಡೆರ್ ರೋ ಕಟ್ಟಿಸಿದ ಫಾರ್ನ್ಸ್‌ವರ್ತ್ ಮನೆಯನ್ನು ತೋರಿಸಬೇಕು. 1951ರಲ್ಲಿ ಮುಗಿದ ಆ ಗಾಜಿನ ಮನೆಯನ್ನು ನೆರೆಗೆ ಅಂಜಿಯೇ ಉಕ್ಕಿನ ಕಂಬಗಳ ಮೇಲೆ ಐದಡಿ ಎತ್ತರಕ್ಕೆ ಏರಿಸಿದ್ದರು. 1954ರಲ್ಲೇ ಹೊಳೆ ಒಳಗೆ ಬಂತು. 1996ರಲ್ಲಿ ಗಾಜು ಒಡೆದುಕೊಂಡು ನುಗ್ಗಿತು, 2008ರಲ್ಲಿ ಮತ್ತೆ ಬಂತು. ಶತಮಾನದ ಶ್ರೇಷ್ಠ ವಾಸ್ತುಶಿಲ್ಪಿಗಳಲ್ಲಿ ಒಬ್ಬನ ಲೆಕ್ಕವೇ ಜಾಗದ ಆಯ್ಕೆಯಲ್ಲಿ ಹೀಗೆ ಜಾರಿತು.

ನನ್ನ ದೊಡ್ಡ ತಕರಾರು ಇರುವುದು ಯಾರ ಫೋಟೋದಲ್ಲೂ ಬಾರದ ಜಾಗದ ಬಗ್ಗೆ. ಅಘನಾಶಿನಿಯಂಥ ಅಳಿವೆಯ ಅಂಚಿನ ಒಂದು ಮನೆಯ ಹಿತ್ತಲನ್ನು ಮಳೆಗಾಲದಲ್ಲಿ ನೋಡಿ. ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಅದರಿಂದ ಕೂಗಳತೆಗೂ ಹತ್ತಿರದಲ್ಲಿ ಸೆಪ್ಟಿಕ್ ಟ್ಯಾಂಕ್, ಅದರ ಆಚೆ ಸಿಮೆಂಟಿನ ರಿಂಗುಗಳ ಇಂಗುಗುಂಡಿ. ಬೇಸಿಗೆಯಲ್ಲಿ ಆ ಗುಂಡಿಯ ತಳದ ಒಣ ಮರಳು ಕೊಳೆಯನ್ನು ಸೋಸುತ್ತದೆ. ಮಳೆಯಲ್ಲಿ ಅಂತರ್ಜಲ ಏರಿ ಗುಂಡಿಯ ತಳವೇ ನೀರಲ್ಲಿ ಮುಳುಗಿದಾಗ ಸೋಸಲು ಮರಳು ಉಳಿದಿರುವುದಿಲ್ಲ. ಕೊಳೆ ನೇರ ಬಾವಿಗೆ, ಬಾವಿಯಿಂದಾಚೆ ಅಳಿವೆಗೆ. ಅಳಿವೆಯ ಕೆಸರಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಬಗ್ಗಿ ಆಯುವ ಚಿಪ್ಪಿಗಳು ನೀರನ್ನು ಸೋಸಿಯೇ ಬದುಕುವ ಜೀವಿಗಳು, ನೀರಿನಲ್ಲಿದ್ದ ರೋಗಾಣುಗಳೂ ಅವುಗಳ ಮೈಯಲ್ಲಿ ಕೂಡಿಕೊಳ್ಳುತ್ತವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದಡದ ಗುಂಡಿಗಳು ಮಾತ್ರ ಇದ್ದ ಹಾಗೇ ಇವೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ, ಕಾಣದ್ದು ಅಷ್ಟೆ. ಸೋರದ ಟ್ಯಾಂಕು, ನೆಲದಿಂದ ಎತ್ತರಿಸಿದ ಜಲ್ಲಿಯ ಮಡಿ, ಅದರಲ್ಲಿ ಕಾಬಾಳೆಯಂಥ ನೀರುಂಡು ಬೆಳೆಯುವ ಗಿಡ. ಬಚ್ಚಲ ನೀರನ್ನು ಕಕ್ಕಸಿನದ್ದರಿಂದ ಬೇರೆ ಮಾಡಿ ತೆಂಗಿನ ಬುಡಕ್ಕೆ ಬಿಡುವುದು. ಗಾಜಿನ ಗೋಡೆಗೆ ಹಾಕುವ ದುಡ್ಡಿನ ಒಂದು ಪಾಲಿನಲ್ಲಿ ಇದಿಷ್ಟೂ ಆಗುತ್ತದೆ.

ಕಾಂಕ್ರೀಟಿನದ್ದೂ ಒಂದು ಮಾತಿದೆ. ಕಡಲ ಗಾಳಿಯ ಉಪ್ಪು ಒಳಗಿನ ಕಬ್ಬಿಣ ತಲುಪಿದರೆ ತುಕ್ಕು ಉಬ್ಬಿ ಸಜ್ಜದ ಅಡಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕಬ್ಬಿಣದ ಮೇಲೆ ಕರಾವಳಿಯಲ್ಲಿ 45 ಮಿಲಿಮೀಟರ್ ಕಾಂಕ್ರೀಟ್ ಇರಬೇಕೆನ್ನುತ್ತದೆ ಐ.ಎಸ್. 456 ಸಂಹಿತೆ. ಬಯಲುಸೀಮೆಯ ರೂಢಿಯಂತೆ 20 ಬಿಟ್ಟು ಕಟ್ಟಿದ ಮನೆಯನ್ನು ಮಕ್ಕಳ ಕಾಲಕ್ಕೆ ಒಡೆದು ಕಟ್ಟಬೇಕಾಗುತ್ತದೆ.

ಪಂಚಾಯಿತಿಗೆ ಬರುವ ನಕ್ಷೆಯಲ್ಲಿ ಮಲಗುವ ಕೋಣೆಯ ಉದ್ದಗಲ ಇಂಚಿನ ಲೆಕ್ಕದಲ್ಲಿರುತ್ತದೆ. ಅದೇ ಹಾಳೆಯ ಮೇಲೆ ಉಬ್ಬರದ ಗೆರೆ, ಮರಳ ದಿಬ್ಬದ ಗಡಿ, ಜುಲೈ ತಿಂಗಳಲ್ಲಿ ಬಾವಿಯ ನೀರಿನ ಮಟ್ಟ, ಅಲ್ಲಿಂದ ಇಂಗುಗುಂಡಿಯ ತಳಕ್ಕೆ ಇರುವ ಅಂತರ, ಈ ನಾಲ್ಕನ್ನೂ ಬರೆಸಬೇಕು. ಬರೆಯದ ನಕ್ಷೆಯನ್ನು ಮರಳಿಸಬೇಕು.