ಎಡಗಾಲಿನ ಪಾಠ

1956ರ ನವೆಂಬರ್ 1ರಂದು ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದಿದ್ದರು. ಅಲ್ಲಿಯವರೆಗೆ ಏಷ್ಯಾದ ಯಾವ ತಂಡವೂ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಆ ತಂಡವನ್ನು ತಿದ್ದಿ ತೀಡಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಒಂದು ತಿಂಗಳ ಹಿಂದೆ ಗೆಲುವು ಬಂದಿದ್ದರೆ ಸೇಡಂನ ಜನ ಅವರನ್ನು ನಮ್ಮ ರಾಜ್ಯದವರು ಎನ್ನಬಹುದಿತ್ತು.

ಈ ತಾರೀಖುಗಳ ಲೆಕ್ಕ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಕರ್ನಾಟಕದ ಫುಟ್‌ಬಾಲ್ ಚರಿತ್ರೆಯನ್ನು ಬೆಂಗಳೂರಿನಿಂದ ಬರೆಯುತ್ತಾರೆ, ಹೈದರಾಬಾದಿನದನ್ನು ಹೈದರಾಬಾದಿನವರು ಬರೆದುಕೊಂಡಿದ್ದಾರೆ. ನಡುವಿನ ನಾವು ಎರಡರಲ್ಲೂ ಇಲ್ಲ. ಆದರೆ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ನಿಜಾಮರ ರೈಲು ಓಡಿತ್ತು. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಎಂದು ನಿಲ್ದಾಣಗಳ ಹೆಸರನ್ನು ನಮ್ಮ ಕಡೆಯ ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಹೈದರಾಬಾದಿನಿಂದ ನಮಗೆ ಕಚೇರಿಯ ಮಾತು ಬಂತು, ಜಮೀನಿನ ದಾಖಲೆಯ ಶಬ್ದಗಳು ಬಂದವು, ಊಟದ ರುಚಿ ಬಂತು. ರಹೀಮರ ಫುಟ್‌ಬಾಲ್ ಮಾತ್ರ ಬರಲಿಲ್ಲ. ಭಾರತದ ಫುಟ್‌ಬಾಲಿನ ‘ಸುವರ್ಣ ಯುಗ’ ಎಂದು ಕರೆಯುವ 1951ರಿಂದ 1962ರವರೆಗಿನ ಕಾಲದ ಬೆಲೆ ಕಟ್ಟಲು ಕೂತಾಗ ನನಗೆ ಮೊದಲು ನೆನಪಾಗುವುದು ಇದೇ.

ರಹೀಮ್ ಮೂಲತಃ ಶಾಲಾ ಮಾಸ್ತರು. ಕಾಚಿಗುಡ, ಚಾದರಘಾಟ್ ಶಾಲೆಗಳಲ್ಲಿ ಪಾಠ ಹೇಳಿಕೊಂಡಿದ್ದವರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ಸತತ ಐದು ಸಲ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ತಂಡ ಅದು.

ಅವರು ನಡೆಸುತ್ತಿದ್ದ ಎರಡು ಬಗೆಯ ಪಂದ್ಯಾವಳಿಗಳ ವಿಷಯ ಹೇಳಲೇಬೇಕು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಹೊರಳಿಸುತ್ತ ಎದುರಾಳಿಯನ್ನು ದಾಟುವ ಹಾಗಿಲ್ಲ, ಬಂದ ಚೆಂಡನ್ನು ಕೂಡಲೇ ಸಂಗಾತಿಗೆ ದಾಟಿಸಬೇಕು. ಇನ್ನೊಂದರಲ್ಲಿ ಪಳಗದ ಕಾಲಿನಿಂದ ಮಾತ್ರ ಒದೆಯಬೇಕು, ಬಲಗಾಲಿನವನಾದರೆ ಇಡೀ ಆಟ ಎಡಗಾಲಲ್ಲೇ. ಮೇಲುನೋಟಕ್ಕೆ ಮಕ್ಕಳಾಟದ ಹಾಗೆ ಕಾಣುವ ಈ ನಿಯಮಗಳ ಒಳಗೆ ದೊಡ್ಡ ವಿಚಾರವಿದೆ. ಚೆಂಡನ್ನು ಇಟ್ಟುಕೊಳ್ಳಬಾರದು ಎಂದಮೇಲೆ ಅದು ಕಾಲಿಗೆ ಬರುವ ಮೊದಲೇ ತಲೆ ಎತ್ತಿ ನೋಡಬೇಕು, ಯಾರು ಎಲ್ಲಿದ್ದಾರೆ ಎಂದು ತಿಳಿದಿರಬೇಕು. ಚೆಂಡಿಲ್ಲದವನೂ ಸುಮ್ಮನೆ ನಿಲ್ಲುವ ಹಾಗಿಲ್ಲ, ಅವನು ಖಾಲಿ ಜಾಗಕ್ಕೆ ಓಡಿ ಬರದಿದ್ದರೆ ಚೆಂಡು ಇದ್ದವನು ಕೆಟ್ಟ. ಬಾಯಲ್ಲಿ ನೂರು ಸಲ ಹೇಳಿದರೂ ತಲೆಗೆ ಹತ್ತದ್ದನ್ನು ಒಂದು ನಿಯಮ ಕಾಲಿಗೆ ಕಲಿಸಿಬಿಡುತ್ತದೆ. ಕಾಗುಣಿತ ತಪ್ಪುವ ಹುಡುಗನಿಗೆ ತಪ್ಪಿದ ಅಕ್ಷರವನ್ನೇ ಹತ್ತು ಸಲ ಬರೆಸುವ ಮಾಸ್ತರರ ಬುದ್ಧಿ ಇದು. ಒಬ್ಬ ಜಾಣ ಆಟಗಾರನಿಗೆ ಹೊಳೆಯುವ ಸಂಗತಿಯಲ್ಲ ಇದು, ತರಗತಿಯಲ್ಲಿ ಹಿಂದಿನ ಬೆಂಚಿನವನನ್ನೂ ನೋಡಿಕೊಂಡವನಿಗೆ ಮಾತ್ರ ಹೊಳೆಯುತ್ತದೆ. ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಹುಡುಗ ತುಳಸಿದಾಸ್ ಬಲರಾಮ್ ಅಭ್ಯಾಸಕ್ಕೆ ಬಂದುಹೋಗಲು ದುಡ್ಡಿಲ್ಲ ಎಂದಾಗ ಸೈಕಲ್ ಬಾಡಿಗೆಯನ್ನು ರಹೀಮರೇ ಕೊಟ್ಟರಂತೆ. ಆ ಹುಡುಗ ಮೆಲ್ಬರ್ನಿಗೆ ಹೋದ, ರೋಮಿನಲ್ಲಿ ಗೋಲು ಹೊಡೆದ, ಜಕಾರ್ತಾದಲ್ಲಿ ಚಿನ್ನ ತಂದ.

ಇನ್ನು ಗೆಲುವುಗಳ ಮಾತು. ಇಲ್ಲಿ ನಮ್ಮ ಅಭಿಮಾನ ಸ್ವಲ್ಪ ತಡೆದು ನಿಲ್ಲಬೇಕು. 1951ರ ಮಾರ್ಚಿನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸಾಹು ಮೇವಾಲಾಲ್ ಅವರ ಒಂದೇ ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಾಗ ಕಣದಲ್ಲಿದ್ದದ್ದು ಆರೇ ತಂಡಗಳು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮಗೆ 10 ಗೋಲು ಹೊಡೆಯಿತು, ನಾವು ಹೊಡೆದದ್ದು ಒಂದು. ನಮ್ಮವರಲ್ಲಿ ಹೆಚ್ಚಿನವರು ಆ ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದರು. ಬೂಟು ಕಡ್ಡಾಯವಾದದ್ದು ಅದಾದ ಮೇಲೆಯೇ. ಮೆಲ್ಬರ್ನ್‌ನ ನಾಲ್ಕನೆಯ ಸ್ಥಾನ ದೊಡ್ಡದು, ಸುಳ್ಳಲ್ಲ. ಆದರೆ ಮೊದಲ ಸುತ್ತಿನಲ್ಲಿ ಹಂಗೇರಿ ಬಾರದೆ ದಾರಿ ಬಿಟ್ಟಿತ್ತು, ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾದ ಎದುರು 1–4, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾದ ಎದುರು 0–3 ಸೋತೆವು. ಒಟ್ಟು ಗೆದ್ದದ್ದು ಒಂದೇ ಪಂದ್ಯ.

ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಪ್ರದರ್ಶನ 1960ರ ರೋಮ್. ಅಲ್ಲಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಗುಂಪಿನಲ್ಲಿ ಕೊನೆಗೆ ಉಳಿಯಿತು. ಆದರೆ ಎಂಥವರ ಎದುರು ಹೇಗೆ ಆಡಿತು ನೋಡಿ. ಫ್ಲೋರಿಯನ್ ಆಲ್ಬರ್ಟ್ ಇದ್ದ ಹಂಗೇರಿ ಮುಂದೆ ಆ ಕೂಟದ ಕಂಚು ಗೆದ್ದ ತಂಡ. ಅದರ ಎದುರು ಬಲರಾಮ್ ಗೋಲು ಹೊಡೆದರು, ಸೋಲು 1–2ರ ಅಂಚಿನದು. ನಾಯಕ ಪಿ.ಕೆ. ಬ್ಯಾನರ್ಜಿಯವರ ಗೋಲಿನಿಂದ ಫ್ರಾನ್ಸಿನ ಎದುರು ಮುಂದಿದ್ದು, ಕೊನೆಕೊನೆಗೆ ಒಂದು ಗೋಲು ಬಿಟ್ಟುಕೊಟ್ಟು 1–1 ಸಮ ಮಾಡಿಕೊಂಡೆವು. ಪೆರುವಿಗೆ 1–3 ಸೋತೆವು. ಹೆಲ್ಸಿಂಕಿಯ ಹತ್ತು ಗೋಲಿನಿಂದ ಇಲ್ಲಿಗೆ ಎಂಟು ವರ್ಷ. ಪದಕದ ಪಟ್ಟಿಯಲ್ಲಿ ಈ ಎಂಟು ವರ್ಷಗಳ ದುಡಿಮೆಗೆ ಜಾಗವಿಲ್ಲ. ಸುವರ್ಣ ಯುಗವನ್ನು ಚಿನ್ನದಿಂದ ಅಳೆಯುವವರು ರೋಮನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಜಕಾರ್ತಾದ ಚಿನ್ನಕ್ಕೆ ಮಾತ್ರ ನಾನು ಯಾವ ಸೋಡಿಯನ್ನೂ ಬೇಡುವುದಿಲ್ಲ. 1962ರ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0–2 ಸೋತೆವು. ಆಮೇಲೆ ಥಾಯ್ಲೆಂಡ್, ಜಪಾನ್, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ. ಅಷ್ಟರಲ್ಲಿ ರಕ್ಷಣೆಯ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಬಿದ್ದಿತ್ತು. ರಹೀಮ್ ಜರ್ನೈಲರನ್ನು ಹೊರಗೆ ಕೂರಿಸಲಿಲ್ಲ, ಮುಂದಕ್ಕೆ ತಂದು ಗೋಲು ಹೊಡೆಯುವವರ ಸಾಲಿನಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. 1956ರಲ್ಲೂ 1960ರಲ್ಲೂ ಏಷ್ಯಾ ಕಪ್ ಗೆದ್ದಿದ್ದ ತಂಡ. ಇಸ್ರೇಲ್ ಮತ್ತು ತೈವಾನಿಗೆ ಪ್ರವೇಶ ಕೊಡದ ವಿವಾದದಲ್ಲಿ ಭಾರತದ ಪ್ರತಿನಿಧಿ ಆಕ್ಷೇಪ ಎತ್ತಿದ್ದರಿಂದ ಕ್ರೀಡಾಂಗಣ ತುಂಬಿದ ಜನ ನಮ್ಮವರ ಮೇಲೆ ಕೆಂಡ ಕಾರುತ್ತಿದ್ದರು. ಆ ಗದ್ದಲದ ನಡುವೆ ಮೊದಲ 20 ನಿಮಿಷದಲ್ಲೇ ಪಿ.ಕೆ. ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2–1ಕ್ಕೆ ಆಟ ಮುಗಿಯಿತು. ಗೋಲಿನಲ್ಲಿ ಪೀಟರ್ ತಂಗರಾಜ್, ಮುಂದೆ ಬಲರಾಮ್, ಯೂಸುಫ್ ಖಾನ್. ಹೈದರಾಬಾದಿನ ಮಣ್ಣು ತುಳಿದ ಕಾಲುಗಳು ಅಲ್ಲಿ ಬೇಕಾದಷ್ಟಿದ್ದವು. ಹೊಲಿಗೆ ಹಾಕಿದ ತಲೆಯಿಂದ ಆಡಿದ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು, ರಕ್ಷಣೆಯವನನ್ನು ಒಂದೇ ರಾತ್ರಿಯಲ್ಲಿ ಮುಂದಿಟ್ಟರೂ ತಂಡ ಕಂಗಾಲಾಗಲಿಲ್ಲ ಎಂಬುದು. ಯಾರು ಎಲ್ಲಿ ನಿಂತರೂ ಚೆಂಡು ಹೇಗೆ ದಾಟಬೇಕು ಎಂಬುದು ಎಲ್ಲರಿಗೂ ಒಂದೇ ರೀತಿ ಗೊತ್ತಿತ್ತು.

ಬೆಂಗಳೂರಿನದು ಬೇರೆಯೇ ಪರಂಪರೆ. ದಂಡು ಪ್ರದೇಶದ ಗಲ್ಲಿಗಳಲ್ಲಿ ಬೆಳೆದದ್ದು. ಬೆಂಗಳೂರ್ ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಮೈಸೂರು ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಹೆಲ್ಸಿಂಕಿಯ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಕಲ್ಕತ್ತೆಯವರು ಅವರನ್ನು ಹಾವಾಡಿಗ ಎಂದು ಕರೆಯುತ್ತಿದ್ದರು, ಚೆಂಡು ಅವರ ಬರಿಗಾಲಿನ ಸುತ್ತ ಹಾಗೆ ಸುಳಿಯುತ್ತಿತ್ತು. ಮೆಲ್ಬರ್ನಿಗೆ ಕೆಂಪಯ್ಯ, ಕಣ್ಣನ್ ಹೋದರು. ಜಕಾರ್ತಾದ ತಂಡದಲ್ಲಿ ಅರುಮೈನಾಯಗಂ ಇದ್ದರು. ಮೈಸೂರು ತಂಡ 1946, 1952, 1967, 1968ರ ಋತುಗಳಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅಹ್ಮದ್ ಖಾನರ ಕಾಲಿನ ಚಳಕವನ್ನು ಯಾರಿಗೂ ಕಲಿಸಲಾಗದು, ರಹೀಮರ ಪಾಸ್ ಯಾರಿಗಾದರೂ ಕಲಿಸಬಹುದು. ಬೆಂಗಳೂರಿನದು ಕಲೆ, ಹೈದರಾಬಾದಿನದು ಶಿಕ್ಷಣ. ರಾಷ್ಟ್ರೀಯ ತಂಡ ಎರಡನ್ನೂ ಉಂಡು ಬೆಳೆಯಿತು, ಆದರೆ ಒಂದು ದೇಶಕ್ಕೆ ದೀರ್ಘಕಾಲ ಬೇಕಾಗಿದ್ದು ಎರಡನೆಯದು.

ಆ ಎರಡನೆಯದೇ ಮೊದಲು ಕೈಜಾರಿತು. 1963ರ ಜೂನ್ 11ರಂದು ಕ್ಯಾನ್ಸರಿನಿಂದ ರಹೀಮ್ ತೀರಿಕೊಂಡರು. ಜಕಾರ್ತಾದ ಗೆಲುವಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. 1964ರ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಬಂತು. 1970ರಲ್ಲಿ ಬ್ಯಾಂಕಾಕಿನಲ್ಲಿ ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ ನಾಯಕತ್ವದಲ್ಲಿ ಕಂಚು ಬಂತು. ಅದಾದ ಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಪುರುಷರ ತಂಡಕ್ಕೆ ಪದಕವೇ ಇಲ್ಲ.

ಇದಕ್ಕೆ ದುರದೃಷ್ಟವನ್ನು ದೂರುವುದು ಸುಲಭ. 2024ರಲ್ಲಿ ಬಂದ ‘ಮೈದಾನ್’ ಸಿನಿಮಾ ಕಾಯಿಲೆಯೊಂದಿಗೂ ಅಧಿಕಾರಿಗಳೊಂದಿಗೂ ಗುದ್ದಾಡುವ ಒಬ್ಬ ಧೀರನ ಕಥೆ ಹೇಳುತ್ತದೆ. ಅದನ್ನು ನೋಡಿ ನನ್ನ ಕಣ್ಣೂ ತುಂಬಿತು. ಆದರೆ ಒಬ್ಬ ಮನುಷ್ಯ ಸತ್ತರೆ ಒಂದು ಪರಂಪರೆಯೂ ಸಾಯುತ್ತದೆ ಎಂದರೆ ದೋಷ ಆ ಪರಂಪರೆಯ ಬುನಾದಿಯಲ್ಲೇ ಇತ್ತು. ರಹೀಮರ ವಿಧಾನ ದೇಶದ ದೈಹಿಕ ಶಿಕ್ಷಕರ ಪಠ್ಯವಾಗಲಿಲ್ಲ. ಅವರು ತಯಾರು ಮಾಡಿದ ಹುಡುಗರನ್ನು ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಕರೆದೊಯ್ದವು. ಬಲರಾಮ್ ಈಸ್ಟ್ ಬೆಂಗಾಲಿಗೆ ಹೋದರು, ಕೊನೆಯ ದಿನಗಳನ್ನೂ ಬಂಗಾಳದಲ್ಲೇ ಕಳೆದು 2023ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಹೋದ ಆಟಗಾರರನ್ನು ಬೈಯುವ ಹಾಗಿಲ್ಲ. ಆದರೆ ಕಲಿತವರು ಹೊರಟುಹೋದ ಊರಿನಲ್ಲಿ ಕಲಿಸುವವರನ್ನು ಉಳಿಸಿಕೊಳ್ಳುವ ಏರ್ಪಾಡನ್ನು ಯಾರೂ ಮಾಡಲಿಲ್ಲ. ದೇಶದ ಒಳಗಿನ ಪಂದ್ಯಗಳು ಬಹುಕಾಲ 70 ನಿಮಿಷದವೇ ಆಗಿದ್ದವು. ಜಗತ್ತು 90 ನಿಮಿಷ ಓಡುತ್ತಿತ್ತು. ಇದನ್ನು ತಿದ್ದಲು ಪ್ರತಿಭೆ ಬೇಕಾಗಿರಲಿಲ್ಲ.

ಇನ್ನೊಂದು ದೋಷ ನಮ್ಮ ಕಡೆಯಿಂದ ನೋಡಿದರೆ ಮಾತ್ರ ಕಾಣುವಂಥದ್ದು. ಆ ಕಾಲದ ಪಟ್ಟಿಗಳಲ್ಲಿ ಹೈದರಾಬಾದಿನವರು ಎಂದರೆ ಅವಳಿ ನಗರದವರೇ. ಗುಲಬರ್ಗಾ ಆಗ ಅದೇ ರಾಜ್ಯದ ಜಿಲ್ಲೆ. ಶಹಾಬಾದಿನಲ್ಲಿ ಆಗಲೇ ಸಿಮೆಂಟ್ ಕಾರ್ಖಾನೆಯಿತ್ತು, ಫರಸಿ ಕಲ್ಲಿನ ಖಣಿಗಳಿದ್ದವು, ಸಂಬಳದ ಕೆಲಸಕ್ಕೆ ನಾನಾ ಕಡೆಯಿಂದ ಬಂದ ಜನರಿದ್ದರು. 1968ರಲ್ಲಿ ವಾಡಿಯ ಕಾರ್ಖಾನೆಯೂ ಶುರುವಾಯಿತು. ಆಮೇಲೆ ಸೇಡಂ, ಮಳಖೇಡಗಳಲ್ಲೂ ಚಿಮಣಿಗಳೆದ್ದವು. ಪಾಳಿ ಕೆಲಸ, ಕಾಲನಿ, ಮೈದಾನ, ಕಾರ್ಮಿಕರ ಮಕ್ಕಳು: ಜಗತ್ತಿನ ಎಷ್ಟೋ ಕಡೆ ಫುಟ್‌ಬಾಲ್ ಹುಟ್ಟಿದ್ದು ಇಂಥ ಊರುಗಳಲ್ಲೇ. ಜಮ್ಶೆಡ್‌ಪುರದಲ್ಲಿ ಟಾಟಾದವರು 1987ರಲ್ಲಿ ಅಕಾಡೆಮಿ ತೆರೆದು ರಾಷ್ಟ್ರೀಯ ತಂಡಕ್ಕೆ ಸಾಲುಸಾಲಾಗಿ ಹುಡುಗರನ್ನು ಕೊಟ್ಟರು. ಚಿಂಚೋಳಿಯ ತಾಂಡಾಗಳಲ್ಲಿ ಗುಡ್ಡ ಹತ್ತಿಳಿದು ಬೆಳೆಯುವ ಮಕ್ಕಳ ದಮ್ಮು ನೋಡಿದವರಿಗೆ ಇಲ್ಲಿ ಏನು ಕೊರತೆಯಿತ್ತು ಎಂಬ ಪ್ರಶ್ನೆ ಬಾರದೆ ಇರದು. ನನ್ನ ಶಾಲೆಯ ಆಟದ ಪೀರಿಯಡ್ ನೆನಪಿದೆ. ಒಂದು ಚೆಂಡು, ನಲವತ್ತು ಹುಡುಗರು, ಎಲ್ಲರೂ ಚೆಂಡಿನ ಹಿಂದೆ ಒಂದೇ ಗುಂಪಾಗಿ ಓಡುತ್ತಿದ್ದೆವು. ಎರಡು ನೂರು ಕಿಲೋಮೀಟರು ಕೂಡ ದೂರವಿಲ್ಲದ ಊರಿನಲ್ಲಿ ಒಬ್ಬ ಮಾಸ್ತರು ಈ ಗುಂಪನ್ನು ಬಿಡಿಸುವ ಉಪಾಯ ಕಂಡುಹಿಡಿದಿದ್ದರು ಎಂದು ನಮಗೆ ಯಾರೂ ಹೇಳಲಿಲ್ಲ.

2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಅದೇ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಭಾರತ ಕುವೈತನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿತು. ಸಂತೋಷಪಟ್ಟೆ. ಆದರೆ ದಕ್ಷಿಣ ಏಷ್ಯಾದ ಕೂಟದ ಗೆಲುವನ್ನು ಜಕಾರ್ತಾದ ಪಕ್ಕ ಇಡುವುದು ಆ ಹಿರಿಯರಿಗೆ ಮಾಡುವ ಅನ್ಯಾಯ.

ರಹೀಮರ ಮಗ ಸೈಯದ್ ಶಾಹಿದ್ ಹಕೀಂ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ತರಬೇತುದಾರ ತಂದೆ ಅವರನ್ನು ಒಂದು ಪಂದ್ಯಕ್ಕೂ ಕಣಕ್ಕೆ ಇಳಿಸಲಿಲ್ಲ. ಮುಂದೆ ವಾಯುಪಡೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ರೆಫರಿಯಾದರು, 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿಯವರಿಗೆ ಸಹಾಯಕ ತರಬೇತುದಾರರಾಗಿದ್ದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ಸುದ್ದಿ ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತೆ. ಆ ಶಾಲೆಯ ಪಾಠವನ್ನು ಮನೆಯೊಳಗೇ ಕಲಿತಿದ್ದ ಮನುಷ್ಯ ನಮ್ಮ ಊರಿನಲ್ಲಿ ಕಣ್ಣು ಮುಚ್ಚಿದ್ದರು, ಅವರ ಬಾಯಿಂದ ಅದನ್ನು ಕೇಳಿ ಬರೆದಿಟ್ಟುಕೊಳ್ಳುವ ಬುದ್ಧಿ ನಮಗೆ ಬಂದಿರಲಿಲ್ಲ.

ಈಗಲೂ ಮಾಡಬಹುದಾದ ಕೆಲಸವೊಂದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಹೈಸ್ಕೂಲುಗಳ ನಡುವೆ ತೊಗರಿ ರಾಶಿ ಮುಗಿದ ಮೇಲೆ ಒಂದು ಪಂದ್ಯಾವಳಿ. ಎಡಗಾಲಿನಿಂದ ಮಾತ್ರ ಒದೆಯಬೇಕು, ಎಡಗಾಲಿನವರು ಬಲಗಾಲಿನಿಂದ. ಐದು ಊರಿಗೆ ಐದು ಚೆಂಡು ಸಾಕು. ಗೆರೆ ಎಳೆಯುವ ಸುಣ್ಣ ನಮ್ಮ ನೆಲದಡಿಯಲ್ಲೇ ಇದೆ.