ಗಿರಾಕಿಗೆ ತೆರೆದ ಬಾಗಿಲು

ಮಹಾನಗರದ ಗೇ ನೈಟ್‌ಕ್ಲಬ್‌ಗಳಿಗೆ ಹೋಗಿಬಂದವರ ಅನುಭವಗಳಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಒಂದು ಗಿರಾಕಿಯ ಮಾತು: ಪ್ರವೇಶ ಶುಲ್ಕ ದುಬಾರಿ, ಸಂಗೀತ ಪರವಾಗಿಲ್ಲ, ಬಾಗಿಲಲ್ಲಿ ನಿಂತವನು ಒರಟ. ಇನ್ನೊಂದು ಮನುಷ್ಯನ ಮಾತು: ಅಲ್ಲಿ ಯಾರಿಗೂ ಹೆದರಬೇಕಿರಲಿಲ್ಲ. ನಾವು ಮೊದಲನೆಯದನ್ನಷ್ಟೇ ಕೇಳಿ ‘ಇದೆಲ್ಲ ಉಳ್ಳವರ ಮೋಜು’ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ ಬಾರನ್ನು ನಡೆಸುತ್ತಿದ್ದುದು ಮಾಫಿಯಾ. ಬಾಗಿಲ ಕಿಂಡಿಯಿಂದ ಮುಖ ನೋಡಿ ಒಳಗೆ ಬಿಡುತ್ತಿದ್ದರು. ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಅನೇಕರು ಸುಳ್ಳು ಹೆಸರು ಬರೆಯುತ್ತಿದ್ದರು. ನೀರು ಬೆರೆಸಿದ ಮದ್ಯ, ಗ್ಲಾಸು ತೊಳೆಯಲು ನಲ್ಲಿಯೂ ಇಲ್ಲ. ಆದರೂ ಜನ ಬರುತ್ತಿದ್ದರು, ಏಕೆಂದರೆ ಅವರಿಗೆ ಬೇರೆ ಜಾಗಗಳೇ ವಿರಳವಾಗಿದ್ದವು. 1969ರ ಜೂನ್ 28ರ ನಸುಕಿನಲ್ಲಿ ಪೊಲೀಸರು ದಾಳಿ ಮಾಡಿದಾಗ ಇದೇ ಗಿರಾಕಿಗಳು ತಿರುಗಿ ನಿಂತರು.

ಇಂಥ ಜಾಗಕ್ಕೂ ಸಾವು ನುಗ್ಗಿದ್ದುಂಟು. 2016ರ ಜೂನ್ 12ರಂದು ಅಮೆರಿಕದ ಒರ್ಲ್ಯಾಂಡೊ ನಗರದ ಪಲ್ಸ್ ಕ್ಲಬ್ಬಿನಲ್ಲಿ 49 ಜನರನ್ನು ಗುಂಡಿಟ್ಟು ಕೊಂದವನದು ಮುಸ್ಲಿಂ ಹೆಸರು. ಅಲ್ಲಿನ ಮುಸ್ಲಿಂ ಸಂಘಟನೆಗಳು ಕೂಡಲೇ ಅದನ್ನು ಖಂಡಿಸಿದವು. ನಡತೆಯ ಕುರಿತು ಧಾರ್ಮಿಕ ನಿಲುವು ಏನೇ ಇರಲಿ, ಹೀಗೆ ಕೊಲ್ಲುವ ಹಕ್ಕು ಯಾರಿಗೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕು. ಒಬ್ಬನ ಅಪರಾಧಕ್ಕೆ ಇಡೀ ಸಮುದಾಯ ಕಟಕಟೆಯಲ್ಲಿ ನಿಲ್ಲುವ ನೋವು ನಮಗೆ ಗೊತ್ತು. ಗುರುತಿನ ಕಾರಣಕ್ಕೇ ಅನುಮಾನಕ್ಕೊಳಗಾಗುವ ಇತರರ ನೋವೂ ನಮಗೆ ಅರ್ಥವಾಗಬೇಕಲ್ಲವೇ?

ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. ಅರ್ಜಿದಾರರಲ್ಲೊಬ್ಬರಾದ ಕೇಶವ ಸೂರಿ ಹೋಟೆಲ್ ಉದ್ಯಮಿ. ಅವರ ದಿಲ್ಲಿಯ ‘ಕಿಟ್ಟಿ ಸು’ ಕ್ಲಬ್ ಈ ಸಮುದಾಯವನ್ನು ಬರಮಾಡಿಕೊಂಡದ್ದಕ್ಕೇ ಹೆಸರಾಯಿತು. ಇದು ಮೆಚ್ಚತಕ್ಕದ್ದೇ. ಆದರೆ ಮಾರುಕಟ್ಟೆಯ ಬಾಗಿಲಿಗೊಂದು ಷರತ್ತಿದೆ. ಜೇಬಿನಲ್ಲಿ ಹಣವಿರಬೇಕು, ತೊಟ್ಟ ಬಟ್ಟೆ ಅವರಿಗೆ ಒಪ್ಪಿಗೆಯಾಗಬೇಕು.

ಗಜೇಂದ್ರಗಡ ಸೀಮೆಯ ರಾಜೂರಿನಂಥ ಊರಿನ ಹುಡುಗನಿಗೆ ಆ ಬಾಗಿಲು ಬಹಳ ದೂರ. ಹಾಗಾದರೆ ಊರಿನಲ್ಲಿ ಜಾಗವಿಲ್ಲವೇ? ಇದೆ, ಅದಕ್ಕೂ ಷರತ್ತಿದೆ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪ ಕೊಡ ಹೊತ್ತು ಬಂದರೆ ಜನ ಕೈಮುಗಿದು ಜೋಳ ನೀಡುತ್ತಾರೆ; ಹೆತ್ತ ಮನೆ ಮಾತ್ರ ದೂರವಾಗುತ್ತದೆ. ಮಂಜಮ್ಮ ಜೋಗತಿಯವರು ಮನೆಯಿಂದ ದೂರಾಗಿ, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಇದು ಹೆಣ್ಣಾಗಿ ಬದುಕಬಯಸುವವರ ದಾರಿ. ಗಂಡಾಗಿಯೇ ಉಳಿದು ಗಂಡನ್ನು ಪ್ರೀತಿಸುವವನಿಗೆ ಊರಿನಲ್ಲಿ ಅದೂ ಇಲ್ಲ. ಊರು ದೇವಿಯ ಹೆಸರಿನಲ್ಲಿ ಜಾಗ ಕೊಟ್ಟಿತು, ನಗರ ದುಡ್ಡಿನ ಹೆಸರಿನಲ್ಲಿ. ಬರೀ ಮನುಷ್ಯನೆಂದು ಕೊಟ್ಟವರು ಕಡಿಮೆ.

ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಕಥಾಸಂಕಲನ ಮುಖ್ಯವಾಗುವುದು ಈ ಕಾರಣಕ್ಕೆ. ‘ಕಗ್ಗಂಟು’ ಕಥೆಯಲ್ಲಿ ಜೊತೆಗೆ ಬಾಳಿದ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ, ಮೋಹನಸ್ವಾಮಿ ಒಂಟಿಯಾಗುತ್ತಾನೆ. ಅವನಿಗೆ ನಗರವಿದೆ, ನೌಕರಿಯಿದೆ, ಕ್ಲಬ್ಬಿನ ಶುಲ್ಕ ಅವನಿಗೊಂದು ಹೊರೆಯಲ್ಲ. ಅವನ ದುಃಖ ಮನೆಯ ದುಃಖ; ಹಣ ಕೊಟ್ಟು ಒಳಹೋಗುವ ಯಾವ ಬಾಗಿಲೂ ಅದನ್ನು ಕಳೆಯದು. ಈ ಪಾತ್ರ ನಮಗೆ ನೆರೆಮನೆಯವನಂತೆ ಎದುರಾಗುವುದು ವಸುಧೇಂದ್ರರ ಗೆಲುವು. ಒಂದು ಕೊರತೆಯನ್ನೂ ಹೇಳಬೇಕು. ಮೋಹನಸ್ವಾಮಿಗೆ ಊರು ಬಿಡುವ ಶಕ್ತಿಯಿತ್ತು. ಹೊಲ, ಮಗ್ಗ ನೋಡಿಕೊಂಡು ಅಲ್ಲೇ ಉಳಿಯಬೇಕಾದವನ ಕಥೆ ಕನ್ನಡದಲ್ಲಿ ಇನ್ನಷ್ಟು ಬರಬೇಕಾಗಿದೆ.

ಕ್ಲಬ್ಬನ್ನು ಹಳಿಯುವುದು ಸುಲಭ. ಅದನ್ನು ವಿಮೋಚನೆಯೆಂದು ಹೊಗಳುವುದೂ ಸುಲಭ. ಮಗನೊಬ್ಬ ತನ್ನ ಮನಸ್ಸಿನ ಮಾತನ್ನು ಹೆತ್ತವರ ಮುಂದೆ ಹೆದರದೆ ಹೇಳುವಂತಾಗುವುದು ಕಷ್ಟ. ಆ ಕೆಲಸ ನಮ್ಮ ಮನೆಗಳದ್ದು.