ಸ್ಯಾಡಲ್ ಬ್ಯಾಗ್: ಬಟ್ಟೆಗಿಂತ ಹೊಲಿಗೆ ಮುಖ್ಯ

ಮೋಟಾರ್‌ಸೈಕಲ್‌ನ ಹಿಂದಿನ ಸೀಟಿನ ಮೇಲೆ ಅಡ್ಡ ಹಾಕಿ ಎರಡೂ ಬದಿಗೆ ಇಳಿಬಿಡುವ ಜೋಡಿ ಚೀಲವೇ ಸ್ಯಾಡಲ್ ಬ್ಯಾಗ್. ಬೈಕ್ ಕಂಪನಿಯದಲ್ಲದ, ಬೇರೆ ತಯಾರಕರು ಮಾರುವ ಇಂಥ ಚೀಲಗಳ ಜಾಹೀರಾತಿನಲ್ಲಿ ಎದ್ದು ಕಾಣುವುದು ಎರಡು ಅಂಕಿ: ಎಷ್ಟು ಲೀಟರ್, ಎಷ್ಟು ಡೀನಿಯರ್. ಗುಣಮಟ್ಟ ಅಳೆಯಲು ಈ ಎರಡೂ ಸಾಲವು.

9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಅದು ನೂಲಿನ ದಪ್ಪವನ್ನು ಹೇಳುತ್ತದೆ, ಬಾಳಿಕೆಯನ್ನಲ್ಲ. 1680 ಡೀನಿಯರ್ ಪಾಲಿಯೆಸ್ಟರ್ 1000 ಡೀನಿಯರ್ ನೈಲಾನ್‌ಗಿಂತ ಗಟ್ಟಿ ಎಂದು ಅಂಕಿ ನೋಡಿ ತೀರ್ಮಾನಿಸುವಂತಿಲ್ಲ. ಉಜ್ಜಾಟ ತಾಳುವುದರಲ್ಲಿ ನೈಲಾನ್ ಮೇಲು, ಬಿಸಿಲು ತಾಳುವುದರಲ್ಲಿ ಪಾಲಿಯೆಸ್ಟರ್ ಮೇಲು.

ಚೀಲ ಹಾಳಾಗುವುದು ಹೆಚ್ಚಾಗಿ ಬಟ್ಟೆಯ ನಡುವೆ ಅಲ್ಲ, ಪಟ್ಟಿಯ ಬುಡದಲ್ಲಿ. ಗುಂಡಿ ಬಿದ್ದ ರಸ್ತೆಯ ಪ್ರತಿ ಕುಲುಕಿಗೂ ಒಳಗಿನ ಭಾರವೆಲ್ಲ ಜಗ್ಗುವುದು ಅಲ್ಲೇ. ಒಳ್ಳೆಯ ತಯಾರಕರು ಅಲ್ಲಿ ಚೌಕ ಹೊಲಿದು, ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದು, ಒತ್ತೊತ್ತಾದ ಬಾರ್‌ಟ್ಯಾಕ್ ಹೊಲಿಗೆ ಹಾಕಿರುತ್ತಾರೆ. ಅಗ್ಗದ ಮಾಲಿನಲ್ಲಿ ಒಂದೇ ಸಾಲು ಹೊಲಿಗೆ. ಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಾಗ ಸೂಜಿಯ ತೂತುಗಳು ಅಗಲಗೊಂಡು ಬೆಳಕು ತೂರಿದರೆ ಆ ಚೀಲ ದೂರದ ಪ್ರಯಾಣಕ್ಕಲ್ಲ. ಒಳಗನ್ನು ಹೊರಗೆ ಮಗುಚಿಯೂ ನೋಡಬೇಕು: ಅಂಚಿಗೆ ಪಟ್ಟಿ ಕಟ್ಟದೆ ಬಟ್ಟೆಯ ಎಳೆಗಳನ್ನು ಹಾಗೇ ಬಿಟ್ಟಿದ್ದರೆ ಅವು ಬಿಚ್ಚುತ್ತ ಹೋಗಿ ಹೊಲಿಗೆಯನ್ನೇ ಕಳಚುತ್ತವೆ.

ಹೊಲಿದ ಚೀಲದಲ್ಲಿ ಸೂಜಿಯ ಪ್ರತಿ ತೂತೂ ನೀರಿಗೆ ದಾರಿ. ಅದಕ್ಕೇ ರೇನ್ ಕವರ್ ಕೊಡುತ್ತಾರೆ. ಆದರೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಕವರ್ ನಂಬುವುದು ಕಷ್ಟ. ಗಾಳಿಗೆ ಅದು ಉಬ್ಬುತ್ತದೆ. ಹಿಂದಿನ ಚಕ್ರ ಎರಚುವ ಕೆಸರುನೀರು ಕವರ್ ಮುಚ್ಚದ ಒಳಬದಿಯಿಂದ ನುಗ್ಗುತ್ತದೆ. ಬಿಸಿಯಲ್ಲಿ ಬೆಸೆದ, ಬಾಯಿ ಸುರುಳಿ ಸುತ್ತಿ ಮುಚ್ಚುವ ಪಿವಿಸಿ ಚೀಲವೇ ಮಳೆಗಾಲಕ್ಕೆ ಸರಿ. ತಳದಲ್ಲಿರುವ ಸಾಮಾನು ತೆಗೆಯಲು ಮೇಲಿನದೆಲ್ಲ ಹೊರಗಿಡಬೇಕೆಂಬ ತೊಡಕು ಅದಕ್ಕಿದೆ, ನಿಜ. ಬಟ್ಟೆ ಒದ್ದೆಯಾಗುವುದಕ್ಕಿಂತ ಅದು ವಾಸಿ. ಚರ್ಮದ ಚೀಲ ನೋಡಲು ಚೆಂದ, ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಚೀಲ ಬೈಕಿನ ಮೇಲೆ ಕೂರುವ ರೀತಿ. ಇದು ಪ್ರಾಣದ ಪ್ರಶ್ನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕೆನ್ನುತ್ತವೆ. ಹಾಗಾಗಿ ಭಾರತದ ಬೈಕುಗಳ ಎಡಬದಿಯಲ್ಲಿ ಸೀರೆ ಗಾರ್ಡ್ ಇದ್ದು, ಚೀಲಕ್ಕೂ ಆಸರೆಯಾಗುತ್ತದೆ. ಸಾಮಾನ್ಯವಾಗಿ ಸೈಲೆನ್ಸರ್ ಇರುವ ಬಲಬದಿಗೆ ಆ ಆಸರೆ ಇಲ್ಲ. ಚೀಲವನ್ನು ಚಕ್ರದಿಂದ ಆಚೆ ಹಿಡಿದಿಡುವ ಕಬ್ಬಿಣದ ಚೌಕಟ್ಟು, ಅಂದರೆ ಸ್ಯಾಡಲ್ ಸ್ಟೇ, ಹಾಕಿಸದಿದ್ದರೆ ಚೀಲ ಸೈಲೆನ್ಸರ್‌ಗೆ ತಗುಲಿ ಸುಡುತ್ತದೆ, ಇಲ್ಲವೇ ಚಕ್ರದತ್ತ ವಾಲುತ್ತದೆ. ಬಿಗಿದ ಮೇಲೆ ಉಳಿಯುವ ಪಟ್ಟಿಯ ತುದಿಯನ್ನು ಸಿಕ್ಕಿಸಲು ಕುಣಿಕೆ ಇದೆಯೇ ಎಂಬುದನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಜೋತಾಡುವ ತುದಿ ಚಕ್ರಕ್ಕೆ ಸುತ್ತಿಕೊಂಡರೆ ಚಕ್ರ ಕಚ್ಚಿ ನಿಂತು ಸವಾರ ಬೀಳುತ್ತಾನೆ. ಇಂಡಿಕೇಟರ್ ಮರೆಯಾಗುವಷ್ಟು ಉಬ್ಬುವ ಚೀಲವೂ ಅಪಾಯವೇ.

ಪಟ್ಟಿಯ ಬುಡ ಸಡಿಲವಿದ್ದು ತುದಿಗೆ ಕುಣಿಕೆಯೂ ಇಲ್ಲದ ಚೀಲವನ್ನು, ಲೀಟರ್ ಎಷ್ಟೇ ಇರಲಿ, ಎಷ್ಟೇ ಅಗ್ಗಕ್ಕೆ ಸಿಗಲಿ, ಕೊಳ್ಳಬಾರದು.